ತರಗತಿಯಲ್ಲಿ ‘ನಮ್ಮ ಧರ್ಮ ಒಪ್ಪುವುದಿಲ್ಲ’ ಅಂದ ಹುಡುಗ

ಮಾನ್ಯ ಸಂಪಾದಕರೇ,

ಅಮೆರಿಕದ ಶಾಲೆಗಳ ಬಗ್ಗೆ ನಮ್ಮಲ್ಲಿ ಎರಡು ಮಾತು ಸಲೀಸಾಗಿ ಓಡಾಡುತ್ತವೆ. ‘ಸಲಿಂಗಕಾಮ ತಪ್ಪು ಎಂದು ಮಗು ಬಾಯಿಬಿಟ್ಟರೆ ಸಾಕು, ಶಾಲೆಯಿಂದ ಆಚೆ ದಬ್ಬುತ್ತಾರೆ’ ಎನ್ನುವುದು ಒಂದು. ‘ಅಲ್ಲಿ ವಾಕ್ ಸ್ವಾತಂತ್ರ್ಯವಪ್ಪಾ, ಯಾರು ಯಾರಿಗೆ ಏನು ಬೇಕಾದರೂ ಅನ್ನಬಹುದು’ ಎನ್ನುವುದು ಇನ್ನೊಂದು. ಎರಡೂ ತಪ್ಪು. ಅಲ್ಲಿನ ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸುವ ಕನ್ನಡ ಕುಟುಂಬಗಳು ಸಾಕಷ್ಟಿರುವುದರಿಂದ, ಕೋರ್ಟುಗಳು ನಿಜಕ್ಕೂ ಏನು ಹೇಳಿವೆ ಎಂಬುದನ್ನು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

2010ರ ಅಕ್ಟೋಬರ್ 20. ಮಿಷಿಗನ್ ರಾಜ್ಯದ ಹೋವೆಲ್ ಎಂಬ ಊರಿನ ಹೈಸ್ಕೂಲು, ಅರ್ಥಶಾಸ್ತ್ರದ ತರಗತಿ. ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ಸಲಿಂಗಿ ವಿದ್ಯಾರ್ಥಿಯೊಬ್ಬ ಹಿಂದಿನ ತಿಂಗಳಷ್ಟೇ ಆತ್ಮಹತ್ಯೆ ಮಾಡಿಕೊಂಡಿದ್ದ. ಅವನಂಥವರ ಮೇಲಿನ ಕಿರುಕುಳವನ್ನು ಖಂಡಿಸಿ ದೇಶದ ಹಲವೆಡೆ ನೇರಳೆ ಬಟ್ಟೆ ತೊಟ್ಟು ಬರುವ ದಿನ ಅದು. ಶಿಕ್ಷಕರೂ ನೇರಳೆ ಟೀ ಶರ್ಟ್ ಹಾಕಿಕೊಂಡು ಬಂದಿದ್ದರು. ವಿದ್ಯಾರ್ಥಿನಿಯೊಬ್ಬಳ ಬೆಲ್ಟಿನ ಬಕಲ್ ಮೇಲೆ ಕಾನ್ಫೆಡರೇಟ್ ಬಾವುಟವಿತ್ತು. ಗುಲಾಮಗಿರಿ ಉಳಿಸಿಕೊಳ್ಳಲು ಯುದ್ಧ ಮಾಡಿದ ದಕ್ಷಿಣದ ರಾಜ್ಯಗಳ ಬಾವುಟ ಅದು. ತೆಗೆದಿಡು ಎಂದರು ಶಿಕ್ಷಕರು. ಆಗ ಒಬ್ಬ ಹುಡುಗ ಕೇಳಿದ: ಆ ಬಾವುಟ ಬೇಡ ಅಂದಮೇಲೆ ಸಲಿಂಗಿಗಳ ಕಾಮನಬಿಲ್ಲಿನ ಬಾವುಟ ಹೇಗೆ ಸರಿ? ಮಾತಿಗೆ ಮಾತು ಬೆಳೆಯಿತು. ‘ನಾನು ಕ್ಯಾಥೊಲಿಕ್, ಗೇಗಳನ್ನು ಒಪ್ಪುವುದಿಲ್ಲ’ ಎಂದ ಹುಡುಗ. ‘ಕರಿಯರನ್ನು ಒಪ್ಪುವುದಿಲ್ಲ ಅಂದ ಹಾಗಾಯಿತು ಇದು’ ಎಂಬ ಅರ್ಥದ ಮಾತಾಡಿ ಶಿಕ್ಷಕರು ಅವನನ್ನು ಹೊರಗೆ ಕಳಿಸಿದರು. ‘ನಾನೂ ಒಪ್ಪುವುದಿಲ್ಲ’ ಎಂದ ಇನ್ನೊಬ್ಬನಿಗೂ ಅದೇ ದಾರಿ.

ಪ್ರಕರಣ ಫೆಡರಲ್ ಜಿಲ್ಲಾ ನ್ಯಾಯಾಲಯಕ್ಕೆ ಹೋಯಿತು. 2013ರ ಜೂನ್‌ನಲ್ಲಿ ಬಂದ ತೀರ್ಪಿನ ಪ್ರಕಾರ, ಹುಡುಗನ ವಾಕ್ ಸ್ವಾತಂತ್ರ್ಯ ಭಂಗವಾಗಿತ್ತು, ಅದಕ್ಕೆ ಶಿಕ್ಷಕರೇ ಹೊಣೆ, ಶಾಲಾ ಜಿಲ್ಲೆ (ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಹೊಣೆಯಲ್ಲ. ಪರಿಹಾರ 1 ಡಾಲರ್. ಹಣ ನಾಮಮಾತ್ರ, ಆದರೆ ಹಕ್ಕು ಭಂಗವಾದದ್ದು ದಾಖಲಾಯಿತು.

ಶಿಕ್ಷಕರು ಕೆಟ್ಟವರೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಕಿರುಕುಳದ ವಿರುದ್ಧ ನಿಂತವರು ಅವರು. ಎಡವಿದ್ದು ಒಂದೇ ಕಡೆ: ಚರ್ಚೆಗೆ ಬಾಗಿಲು ತೆರೆದವರೇ, ತಮಗೆ ಹಿಡಿಸದ ಉತ್ತರ ಬಂದಾಗ ಉತ್ತರ ಕೊಟ್ಟವನನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿದರು. ಹುಡುಗ ಯಾರ ಕಡೆಗೂ ಬೆರಳು ತೋರಿಸಿರಲಿಲ್ಲ, ಯಾರ ಹೆಸರೂ ಎತ್ತಿರಲಿಲ್ಲ, ಬೆದರಿಸಿರಲಿಲ್ಲ. ಅವನು ಕೇಳಿದ ಬಾವುಟದ ಪ್ರಶ್ನೆ ಒರಟಾಗಿತ್ತು, ಸರಿ. ಅದಕ್ಕೆ ಒಳ್ಳೆಯ ಉತ್ತರವೂ ಇತ್ತು. ಹೊರಗೆ ಕಳಿಸಿದ್ದರಿಂದ ಆ ಉತ್ತರ ಕೇಳಿಸಿಕೊಳ್ಳಲು ಅವನೇ ಅಲ್ಲಿ ಇಲ್ಲದಂತಾಯಿತು.

ಇದರ ಹಿಂದಿರುವ ನಿಯಮ ಹಳೆಯದು. 1965ರ ಡಿಸೆಂಬರಿನಲ್ಲಿ ಅಯೋವಾ ರಾಜ್ಯದ ಡೆಮಾಯಿನ್ ನಗರದ ಕೆಲವು ಮಕ್ಕಳು ವಿಯೆಟ್ನಾಂ ಯುದ್ಧ ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದಾಗ ಶಾಲೆ ಅವರನ್ನು ಅಮಾನತು ಮಾಡಿತು. 1969ರ ಫೆಬ್ರುವರಿ 24ರಂದು ಅಮೆರಿಕದ ಸುಪ್ರೀಂ ಕೋರ್ಟ್ 7–2ರಲ್ಲಿ ಮಕ್ಕಳ ಪರ ತೀರ್ಪು ಕೊಟ್ಟಿತು. ಟಿಂಕರ್ ಪ್ರಕರಣ ಎಂದೇ ಅದು ಪ್ರಸಿದ್ಧ. ಅದರ ಪ್ರಕಾರ ಶಾಲೆ ವಿದ್ಯಾರ್ಥಿಯ ಮಾತನ್ನು ತಡೆಯಬಹುದಾದದ್ದು ಎರಡು ಸಂದರ್ಭದಲ್ಲಿ: ಆ ಮಾತಿನಿಂದ ಪಾಠಪ್ರವಚನಕ್ಕೆ ಗಣನೀಯ ಅಡ್ಡಿಯಾದಾಗ ಅಥವಾ ಆಗುವುದೆಂದು ನಂಬಲು ಗಟ್ಟಿ ಕಾರಣವಿದ್ದಾಗ, ಮತ್ತು ಇನ್ನೊಬ್ಬ ವಿದ್ಯಾರ್ಥಿಯ ಹಕ್ಕಿಗೆ ಪೆಟ್ಟು ಬಿದ್ದಾಗ. ‘ಏನೋ ಗಲಾಟೆ ಆಗಬಹುದು’ ಎಂಬ ಬರೀ ಅಳುಕು ಸಾಲದು. ‘ಕೇಳಿದವರಿಗೆ ಬೇಸರವಾಯಿತು’ ಎಂಬುದೂ ಸಾಲದು.

ಹೀಗಾಗಿ ಶಾಲೆಯ ವಕೀಲರು ಪ್ರಾಂಶುಪಾಲರ ಮುಂದಿಡುವ ಮೊದಲ ಪ್ರಶ್ನೆ ‘ಮಾತು ಎಷ್ಟು ಕೆಟ್ಟದಾಗಿತ್ತು’ ಎಂಬುದಲ್ಲ, ‘ನಿಮ್ಮ ಹತ್ತಿರ ಏನು ದಾಖಲೆ ಇದೆ’ ಎಂಬುದು. ಯಾವ ದಿನ, ಯಾವ ಅವಧಿ, ಆಡಿದ ಮಾತು ಅಕ್ಷರಶಃ ಏನು, ಪಾಠ ಎಷ್ಟು ನಿಮಿಷ ನಿಂತಿತು, ಹಿಂದೆ ಇದೇ ವಿಷಯಕ್ಕೆ ಹೊಡೆದಾಟವಾಗಿತ್ತೇ, ಯಾರ ಹೆಸರು ಹಿಡಿದು ಅಂದದ್ದು. ಇವನ್ನು ಅದೇ ದಿನ ಬರೆದಿಡದೆ, ನೋಟಿಸ್ ಬಂದ ಮೇಲೆ ನೆನಪಿನಿಂದ ಬರೆಯಲು ಕೂತರೆ ಕೇಸು ಅರ್ಧ ಸೋತಂತೆ. ಇನ್ನೊಂದು ಸಾಮಾನ್ಯ ಎಡವಟ್ಟು: ಒಬ್ಬ ತಣ್ಣಗೆ ತನ್ನ ಅಭಿಪ್ರಾಯ ಹೇಳುತ್ತಾನೆ, ಉಳಿದ ಹತ್ತು ಜನ ಕಿರುಚಾಡುತ್ತಾರೆ, ಶಾಲೆ ಮಾತಾಡಿದವನನ್ನು ಹಿಡಿಯುತ್ತದೆ. ಅಡ್ಡಿ ಮಾಡಿದವರು ಯಾರು ಎಂದು ಕೋರ್ಟು ಕೇಳಿದಾಗ ಉತ್ತರವಿರುವುದಿಲ್ಲ.

ಟೀ ಶರ್ಟುಗಳ ಕಥೆಯಂತೂ ಇನ್ನೂ ಗೋಜಲು. 2004ರಲ್ಲಿ ಕ್ಯಾಲಿಫೋರ್ನಿಯಾದ ಪೊವೇ ಎಂಬಲ್ಲಿ ಒಬ್ಬ ಹುಡುಗ ಅಂಗಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸಲಿಂಗಕಾಮ ನಾಚಿಕೆಗೇಡು ಎಂದು ಬೈಬಲ್ಲಿನ ಅಧ್ಯಾಯ, ವಚನದ ಸಂಖ್ಯೆ ಸಮೇತ ಕೈಬರಹದಲ್ಲಿ ಬರೆದುಕೊಂಡು ಬಂದ. ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ (ಕೆಲವು ರಾಜ್ಯಗಳಿಗೆ ಸೇರಿ ಇಂಥದ್ದೊಂದು ಇರುತ್ತದೆ) 2006ರಲ್ಲಿ 2–1ರಂತೆ ಶಾಲೆಯ ಪರ ನಿಂತಿತು. ಮರುವರ್ಷ ಸುಪ್ರೀಂ ಕೋರ್ಟ್ ಆ ತೀರ್ಪನ್ನೇ ರದ್ದು ಮಾಡಿತು, ಅದೂ ವಾದದ ಗುಣದೋಷ ನೋಡಿ ಅಲ್ಲ, ಹುಡುಗ ಅಷ್ಟರಲ್ಲಿ ಶಾಲೆ ಮುಗಿಸಿದ್ದನೆಂಬ ಕಾರಣಕ್ಕೆ. ಚಿಕಾಗೋ ಹೊರವಲಯದ ನೇಪರ್‌ವಿಲ್‌ನಲ್ಲಿ (ಭಾರತೀಯ ಕುಟುಂಬಗಳು ಬಹಳ ಇರುವ ಊರು) ‘ಖುಷಿಯಾಗಿರು, ಗೇ ಆಗಬೇಡ’ ಎಂಬರ್ಥದ ಅಂಗಿ ತೊಟ್ಟು ಬಂದ ವಿದ್ಯಾರ್ಥಿನಿಯ ಅಂಗಿಯ ಮೇಲಿನ ‘ಗೇ ಆಗಬೇಡ’ ಭಾಗಕ್ಕೆ ಶಾಲೆಯವರು ಇಂಕು ಬಳಿದರು. ಏಳನೇ ಸರ್ಕ್ಯೂಟ್ 2008ರಲ್ಲೂ 2011ರಲ್ಲೂ ವಿದ್ಯಾರ್ಥಿಗಳ ಪರ ತೀರ್ಪಿತ್ತಿತು. ದಾವೆ ಹೂಡಿದ ಇಬ್ಬರು ವಿದ್ಯಾರ್ಥಿಗಳಿಗೆ ತಲಾ 25 ಡಾಲರ್ ಪರಿಹಾರ. ನ್ಯಾಯಮೂರ್ತಿ ರಿಚರ್ಡ್ ಪೋಸ್ನರ್ ಬರೆದದ್ದರ ಸಾರ: ಸಲಿಂಗಿ ವಿದ್ಯಾರ್ಥಿಗಳ ಹಕ್ಕಿನ ಪರ ಮಾತಿಗೆ ಅವಕಾಶ ಕೊಡುವ ಶಾಲೆ, ಸಲಿಂಗಕಾಮದ ಟೀಕೆಯ ಬಾಯಿ ಮುಚ್ಚಿಸುವಂತಿಲ್ಲ.

ಹಾಗಾದರೆ ವಿದ್ಯಾರ್ಥಿಯೇ ಗೆಲ್ಲುತ್ತಾನೆ ಅನ್ನೋಣವೇ? ಮ್ಯಾಸಚೂಸೆಟ್ಸ್‌ನ ಮಿಡಲ್‌ಬರೋದಲ್ಲಿ 2023ರಲ್ಲಿ ‘ಲಿಂಗ ಎರಡೇ’ ಎಂಬ ಅಂಗಿ ತೊಟ್ಟ ಏಳನೇ ತರಗತಿಯ ಹುಡುಗನನ್ನು ಶಾಲೆ ತಡೆಯಿತು. 2024ರ ಜೂನ್‌ನಲ್ಲಿ ಮೊದಲನೇ ಸರ್ಕ್ಯೂಟ್ ಶಾಲೆ ಮಾಡಿದ್ದು ಸರಿ ಎಂದಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಗೇ ಎತ್ತಿಕೊಳ್ಳಲಿಲ್ಲ, ನ್ಯಾಯಮೂರ್ತಿ ಅಲಿಟೊ ಮತ್ತು ಥಾಮಸ್ ಭಿನ್ನ ಅಭಿಪ್ರಾಯ ಬರೆದರು. ಅಂದರೆ ನೇಪರ್‌ವಿಲ್ ಇರುವ ಇಲಿನಾಯ್‌ನಲ್ಲಿ ನಡೆಯುವ ಅಂಗಿ ಮ್ಯಾಸಚೂಸೆಟ್ಸ್ ಕಡೆ ನಡೆಯದೇ ಇರಬಹುದು. ‘ಅಮೆರಿಕದ ಕಾನೂನು ಹೀಗೆ’ ಎಂದು ವಾಟ್ಸ್ಆ್ಯಪ್‌ನಲ್ಲಿ ಒಂದೇ ಸಾಲಿನಲ್ಲಿ ತೀರ್ಪು ಕೊಡುವವರು ಮೊದಲು ಯಾವ ರಾಜ್ಯ ಎಂದು ಕೇಳಿಕೊಳ್ಳಲಿ.

ಎಲ್ಲ ಕಡೆಯೂ ಗಟ್ಟಿಯಾಗಿರುವುದು ಗೆರೆಯ ಇನ್ನೊಂದು ಬದಿ. ನಂಬಿಕೆ ಹೇಳಿಕೊಳ್ಳುವುದು ಬೇರೆ, ಪಕ್ಕದ ಬೆಂಚಿನವನನ್ನು ಬೇಟೆಯಾಡುವುದು ಬೇರೆ. ‘ನಮ್ಮ ಧರ್ಮದಲ್ಲಿ ಇದು ಪಾಪ’ ಎಂದು ಚರ್ಚೆಯಲ್ಲಿ ಹೇಳಿದ ಹುಡುಗನೇ, ಬೆಲ್ ಹೊಡೆದ ಮೇಲೆ ಕಾರಿಡಾರಿನಲ್ಲಿ ಒಬ್ಬ ಸಲಿಂಗಿ ಸಹಪಾಠಿಯ ದಾರಿಗಡ್ಡ ನಿಂತು ದಿನಾ ಅದನ್ನೇ ಅಂದರೆ ಅದು ಕಿರುಕುಳ. ಧರ್ಮಗ್ರಂಥದ ಸಾಲು ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಕಿರುಕುಳ ತೀವ್ರವೂ ವ್ಯಾಪಕವೂ ಆಗಿದ್ದು, ಯಾರು ನೋಡಿದರೂ ಅಸಹ್ಯ ಅನ್ನುವಂತಿದ್ದು, ಅದರಿಂದ ಮಗುವಿನ ಓದಿಗೆ ಕುತ್ತು ಬಂದಿದ್ದು, ಗೊತ್ತಿದ್ದೂ ಶಾಲೆ ಕೈಕಟ್ಟಿ ಕೂತಿದ್ದರೆ ಶಾಲೆಯೇ ಹೊಣೆ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿದೆ. ಅದಕ್ಕೂ ಮೊದಲೇ ವಿಸ್ಕಾನ್ಸಿನ್‌ನ ಆ್ಯಶ್‌ಲೆಂಡ್‌ನಲ್ಲಿ ಒಬ್ಬ ಸಲಿಂಗಿ ಹುಡುಗನನ್ನು ಸಹಪಾಠಿಗಳು ವರ್ಷಗಟ್ಟಲೆ ಹೊಡೆದರು, ಮೈಮೇಲೆ ಮೂತ್ರ ಮಾಡಿದರು, ಶಸ್ತ್ರಚಿಕಿತ್ಸೆ ಬೇಕಾಗುವಷ್ಟು ಹೊಟ್ಟೆಗೆ ಒದ್ದರು. ದೂರಿಗೆ ಆಡಳಿತ ಕಿವಿಗೊಡಲಿಲ್ಲ. 1996ರಲ್ಲಿ ಏಳನೇ ಸರ್ಕ್ಯೂಟ್ ಅವನ ಪರ ತೀರ್ಪು ಕೊಟ್ಟ ಮೇಲೆ ಶಾಲೆಯ ಕಡೆಯವರು 9 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ರಾಜಿ ಮಾಡಿಕೊಂಡರು. ಹುಡುಗನೊಬ್ಬ ಆಡಿದ ಮಾತಿಗೆ ಗಾಬರಿಬಿದ್ದದ್ದಕ್ಕೆ 1 ಡಾಲರ್, ಹೊಡೆತಕ್ಕೆ ಕಣ್ಣುಮುಚ್ಚಿದ್ದಕ್ಕೆ 9 ಲಕ್ಷ. ಶಾಲೆಗಳು ಯಾವುದಕ್ಕೆ ಹೆಚ್ಚು ಹೆದರಬೇಕು ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ. ಆದರೂ ಆಡಳಿತಗಳಿಗೆ ಟೀ ಶರ್ಟ್ ಬೇಗ ಕಣ್ಣಿಗೆ ಬೀಳುತ್ತದೆ, ಶೌಚಾಲಯದ ಮೂಲೆ ಬೀಳುವುದಿಲ್ಲ.

ಇನ್ನು ತರಗತಿಯ ಆ ಒಂದು ನಿಮಿಷ. ಹುಡುಗ ‘ನಮ್ಮ ಧರ್ಮ ಒಪ್ಪುವುದಿಲ್ಲ’ ಎಂದ. ಇಡೀ ತರಗತಿ ಶಿಕ್ಷಕರ ಮುಖ ನೋಡುತ್ತಿದೆ. ಆಗ ಬಾಯಿಗೆ ಮೊದಲು ಬರುವ ಪ್ರಶ್ನೆ ‘ಅಂದರೆ ನೀನು ಅವರನ್ನು ದ್ವೇಷಿಸುತ್ತೀಯಾ?’ ಅದನ್ನು ಕೇಳಲೇಬಾರದು. ಮಗುವನ್ನು ಕಟಕಟೆಗೆ ಏರಿಸಿ ಒಪ್ಪಿಗೆ ಹೊರಡಿಸುವುದು ಸರ್ಕಾರಿ ಶಾಲೆಯ ಕೆಲಸವಲ್ಲ ಎಂದು 1943ರ ಬಾರ್ನೆಟ್ ಪ್ರಕರಣದಲ್ಲೇ ತೀರ್ಮಾನವಾಗಿದೆ. ಧ್ವಜವಂದನೆ ಮಾಡಲೊಲ್ಲದ ಜೆಹೋವಾ ಸಾಕ್ಷಿ ಪಂಥದ ಮಕ್ಕಳ ಪ್ರಕರಣ ಅದು. ಅದೇ ಪಂಥದ ಮೂವರು ಮಕ್ಕಳನ್ನು ಕೇರಳದ ಶಾಲೆ ರಾಷ್ಟ್ರಗೀತೆ ಹಾಡಲಿಲ್ಲವೆಂದು 1985ರಲ್ಲಿ ಹೊರಹಾಕಿದಾಗ, 1986ರ ಆಗಸ್ಟ್ 11ರಂದು ನಮ್ಮ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಬಾರ್ನೆಟ್ ತೀರ್ಪನ್ನು ಉಲ್ಲೇಖಿಸಿಯೇ ಮಕ್ಕಳನ್ನು ಮರಳಿ ಶಾಲೆಗೆ ಸೇರಿಸಿಕೊಳ್ಳಲು ಹೇಳಿದರು. ಮಕ್ಕಳು ಗೌರವದಿಂದ ಎದ್ದು ನಿಂತಿದ್ದರು, ಹಾಡಿರಲಿಲ್ಲ, ಅಷ್ಟೇ.

ಮಾಡಬಹುದಾದದ್ದು ಹೀಗೆ. ದನಿ ಏರಿಸದೆ ‘ಇದು ನಿನ್ನ ನಂಬಿಕೆ, ಕೇಳಿಸಿಕೊಂಡೆವು. ಬೇರೆ ನಂಬಿಕೆಯವರೂ ಇಲ್ಲಿದ್ದಾರೆ. ಈ ಕೋಣೆಯಲ್ಲಿ ಯಾರನ್ನೂ ಹೆಸರು ಹಿಡಿದು ಅನ್ನುವಂತಿಲ್ಲ’ ಎಂದು ಹೇಳಿ ಪಾಠಕ್ಕೆ ಮರಳುವುದು. ಅರ್ಥಶಾಸ್ತ್ರದ ಅವಧಿಯಾದರೆ ಅರ್ಥಶಾಸ್ತ್ರಕ್ಕೇ ಮರಳಬಹುದು. ಚರ್ಚೆಯನ್ನು ಪಾಠಕ್ಕೆ ಸೀಮಿತಗೊಳಿಸುವ ಅಧಿಕಾರ ಶಿಕ್ಷಕರಿಗೆ ಪೂರ್ತಿ ಇದೆ, ಆದರೆ ಅದು ಎರಡೂ ಪಕ್ಷಕ್ಕೆ ಒಂದೇ ಸಮ ಅನ್ವಯಿಸಬೇಕು. ಒಂದು ಕಡೆಯವರಿಗೆ ಐದು ನಿಮಿಷ ಬಿಟ್ಟು ಇನ್ನೊಂದು ಕಡೆಗೆ ‘ವಿಷಯಾಂತರ ಬೇಡ’ ಅಂದರೆ ಅದೇ ಪಕ್ಷಪಾತಕ್ಕೆ ಪುರಾವೆ. ಆ ತರಗತಿಯಲ್ಲಿ ಸಲಿಂಗಿ ಮಗು ಇರಬಹುದು ಎಂದುಕೊಂಡೇ ಮಾತಾಡಬೇಕು. ಅವಧಿ ಮುಗಿದ ಮೇಲೆ ಯಾರಾದರೂ ಮುದುಡಿ ಕೂತಿದ್ದರೆ ಪ್ರತ್ಯೇಕವಾಗಿ ಕರೆದು ಮಾತಾಡಿಸಬೇಕು, ಎಲ್ಲರ ಮುಂದೆ ‘ನಿನಗೆ ಬೇಜಾರಾಯಿತಾ’ ಎಂದು ಕೇಳಿದರೆ ಅವನ ಗುಟ್ಟನ್ನು ನಾವೇ ಬಯಲು ಮಾಡಿದಂತೆ.

ಪ್ರಬಂಧಕ್ಕೆ ಅಂಕ ಕೊಡುವಾಗಲೂ ಇದೇ ಅಳತೆ. ಧಾರ್ಮಿಕ ನಿಲುವು ಬರೆದದ್ದಕ್ಕೆ ಅಂಕ ಕಡಿಯುವಂತಿಲ್ಲ, ಹಾಗೆಂದು ಕೊಟ್ಟ ವಿಷಯ ಬಿಟ್ಟು ಬರೆದದ್ದಕ್ಕೆ ಧರ್ಮದ ಹೆಸರಲ್ಲಿ ಅಂಕ ಕೇಳುವಂತೆಯೂ ಇಲ್ಲ.

ಕ್ಲಬ್ಬುಗಳದ್ದು ತಮಾಷೆಯ ಚರಿತ್ರೆ. 1984ರ ಸಮಾನ ಪ್ರವೇಶ ಕಾಯ್ದೆ ಬಂದದ್ದು ಮುಖ್ಯವಾಗಿ ಬೈಬಲ್ ಕ್ಲಬ್ಬುಗಳಿಗೆ ಶಾಲೆಯಲ್ಲಿ ಜಾಗ ಸಿಗಲಿ ಎಂದು. ಪಠ್ಯಕ್ಕೆ ಸಂಬಂಧಿಸದ ಒಂದು ಕ್ಲಬ್ಬಿಗೆ ಅವಕಾಶ ಕೊಟ್ಟರೆ ಉಳಿದವಕ್ಕೂ ಕೊಡಬೇಕು. ಅದೇ ಕಾಯ್ದೆ ಹಿಡಿದು ಸಲಿಂಗಿ ವಿದ್ಯಾರ್ಥಿಗಳೂ ಕ್ಲಬ್ ಕೇಳಿದರು. ಸಾಲ್ಟ್ ಲೇಕ್ ಸಿಟಿಯ ಶಾಲಾ ಮಂಡಳಿ 1996ರಲ್ಲಿ, ಆ ಒಂದು ಕ್ಲಬ್ ಬೇಡವೆಂದು ಅಂಥ ಎಲ್ಲ ಕ್ಲಬ್ಬುಗಳನ್ನೇ ಮುಚ್ಚಿತು. ಕೋರ್ಟು ಕಚೇರಿ ಅಲೆದು 2000ದಲ್ಲಿ ಮತ್ತೆ ತೆರೆಯಬೇಕಾಯಿತು.

ನಮ್ಮ ದೇಶದಲ್ಲಿ ಟಿಂಕರ್‌ನಂಥ ಅಳತೆಗೋಲು ಶಾಲೆಗಳಿಗೆ ಇಲ್ಲ. 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧವಲ್ಲವೆಂದಾಯಿತು. ಅದಕ್ಕೂ ಮೊದಲೇ, 2016ರಲ್ಲಿ ಯುಜಿಸಿ ತನ್ನ ರ‍್ಯಾಗಿಂಗ್ ನಿಯಮಕ್ಕೆ ತಿದ್ದುಪಡಿ ತಂದು ಲೈಂಗಿಕ ಒಲವಿನ ಕಾರಣಕ್ಕೆ ಕೊಡುವ ಕಿರುಕುಳವನ್ನೂ ರ‍್ಯಾಗಿಂಗ್ ಎಂದಿತ್ತು. ಅದು ಕಾಲೇಜಿಗೆ ಅನ್ವಯಿಸುವ ನಿಯಮ, ಹೈಸ್ಕೂಲಿಗಲ್ಲ.

ಕೊನೆಗೆ, ಅಲ್ಲಿರುವ ಪೋಷಕರಿಗೆ. ಅಮೆರಿಕದ ಸುಪ್ರೀಂ ಕೋರ್ಟಿನ 2025ರ ಜೂನ್ 27ರ ತೀರ್ಪಿನಲ್ಲಿ (6–3, ಮೇರಿಲ್ಯಾಂಡ್‌ನ ಮಾಂಟ್ಗೊಮರಿ ಕೌಂಟಿಯ ಪ್ರಕರಣ) ಸಲಿಂಗಿ, ಲಿಂಗಾಂತರಿ ಪಾತ್ರಗಳಿರುವ ಕಥೆಪುಸ್ತಕಗಳ ಪಾಠದಿಂದ ಮಗುವನ್ನು ಹೊರಗಿಡಲು ಧಾರ್ಮಿಕ ಕಾರಣವಿರುವ ಪೋಷಕರಿಗೆ ಅವಕಾಶ ಸಿಕ್ಕಿದೆ. ಆ ಪುಸ್ತಕಗಳನ್ನು ಗ್ರಂಥಾಲಯದಿಂದ ತೆಗೆಸುವ ಹಕ್ಕಂತೂ ಅದರಿಂದ ಸಿಕ್ಕಿಲ್ಲ. ಮಗು ಆಡಿದ ಮಾತಿಗೆ ಶಿಕ್ಷೆಯಾಗಿದ್ದರೆ ಮೊದಲು ಇಮೇಲ್‌ನಲ್ಲಿ ಕೇಳಬೇಕಾದದ್ದು ಎರಡು: ಯಾವ ನಿಯಮ ಮುರಿದಿದೆ, ಪಾಠಕ್ಕೆ ಆದ ಅಡ್ಡಿ ಏನು. ಫೋನಿನಲ್ಲಿ ಜಗಳ ಬೇಡ. ಪ್ರಾಂಶುಪಾಲರು, ಆಮೇಲೆ ಶಾಲಾ ಜಿಲ್ಲೆಯ ಸೂಪರಿಂಟೆಂಡೆಂಟ್, ಆಮೇಲೆ ಶಾಲಾ ಮಂಡಳಿ, ಈ ಕ್ರಮದಲ್ಲಿ ಹೋಗಬೇಕು. ಮಗುವೇ ಲಿಂಗಾಧಾರಿತ ಕಿರುಕುಳಕ್ಕೆ ಗುರಿಯಾಗಿದ್ದರೆ ಫೆಡರಲ್ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ 180 ದಿನಗಳೊಳಗೆ ದೂರು ಕೊಡಬೇಕು. ವಾಕ್ ಸ್ವಾತಂತ್ರ್ಯದ ದೂರು ಆ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ, ಅದಕ್ಕೆ ಕೋರ್ಟಿಗೇ ಹೋಗಬೇಕು. ಖಾಸಗಿ ಶಾಲೆಯಾದರೆ ಮೇಲೆ ಹೇಳಿದ ವಾಕ್ ಸ್ವಾತಂತ್ರ್ಯದ ತೀರ್ಪುಗಳು ಸಾಮಾನ್ಯವಾಗಿ ನೆರವಿಗೆ ಬರುವುದಿಲ್ಲ. ಅಲ್ಲಿ ಪ್ರವೇಶದ ವೇಳೆ ಸಹಿ ಹಾಕಿದ ಕರಾರು ಪತ್ರವನ್ನು ಮೊದಲು ಹುಡುಕಿ ಓದಿ.

ಇತಿ,
ಕಾನೂನು ಅಧ್ಯಾಪಕ, ಧಾರವಾಡ