ಎಲ್ ಫಾಶರ್ ಬಗ್ಗೆ ಹಾಸನದಿಂದ ಗೆಳೆಯನಿಗೊಂದು ಪತ್ರ

ಹಾಸನ
ಡಿಸೆಂಬರ್ 2025

ಪ್ರೀತಿಯ ಗೆಳೆಯಾ,

ಹೇಗಿದ್ದೀಯಾ? ಮೈಸೂರಿನ ಹಾಸ್ಟೆಲ್ ಊಟ ಒಗ್ಗಿತಾ? ಇಲ್ಲಿ ಚಳಿ ಜಾಸ್ತಿಯಾಗಿದೆ. ಬೆಳಿಗ್ಗೆ ಎಂಟಾದರೂ ಮಂಜು ಸರಿಯುವುದಿಲ್ಲ.

ನಾವು ಕಾಲೇಜಿನಲ್ಲಿ ಸುಡಾನಿನ ಯುದ್ಧದಲ್ಲಿ ನರಳುತ್ತಿರುವವರಿಗಾಗಿ ಕೆಲಸ ಮಾಡುತ್ತಿರುವುದಕ್ಕೆ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ನಿಮಗೆ ಯಾಕಪ್ಪಾ ಸುಡಾನಿನ ಉಸಾಬರಿ?" ಅಂತ. ಆಗ ಬಸ್ಸಿನಲ್ಲಿದ್ದೆ, ಗಲಾಟೆಯಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಕಾಲೇಜಿನಲ್ಲೂ ಎಲ್ಲರೂ ಮೊದಲು ಕೇಳುವುದು ಇದನ್ನೇ. ಹಾಗಾಗಿ ಸಮಾಧಾನವಾಗಿ ಕೂತು ಬರೆಯುತ್ತಿದ್ದೇನೆ. ಉದ್ದವಾದರೂ ಪೂರ್ತಿ ಓದು.

ಇದೆಲ್ಲ ಶುರುವಾಗಿದ್ದು ನಮ್ಮ ತರಗತಿಯ ಒಬ್ಬ ಹುಡುಗಿಯಿಂದ. ಅವಳು ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯವಳು. ಹಕ್ಕಿಪಿಕ್ಕಿ ಜನರ ಊರು, ನಿನಗೂ ಗೊತ್ತಿರಬೇಕು. ಕೂದಲಿನ ಎಣ್ಣೆ, ಗಿಡಮೂಲಿಕೆ ಮಾರುತ್ತಾ ಅವರ ಜನ ಆಫ್ರಿಕಾದ ದೇಶಗಳವರೆಗೂ ಹೋಗಿಬರುತ್ತಾರೆ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಯುದ್ಧ ಶುರುವಾಯಿತು. ಆಗ ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಮೂವತ್ತಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳು ಎಲ್ ಫಾಶರ್ ಅನ್ನುವ ಊರಿನಲ್ಲಿ ಸಿಕ್ಕಿಬಿದ್ದರು. ಹೊರಗೆ ಗುಂಡಿನ ಸದ್ದು. ಬಾಡಿಗೆ ಮನೆಯಲ್ಲಿ ಬಾಗಿಲು ಹಾಕಿಕೊಂಡು, ನೀರಿಗೂ ಅನ್ನಕ್ಕೂ ಪರದಾಡುತ್ತಾ ಕೂತಿದ್ದರು. ನಮ್ಮಲ್ಲಿ ಆಗ ವಿಧಾನಸಭಾ ಚುನಾವಣೆಯ ಭರಾಟೆ. ಸುದ್ದಿ ಬಂತು, ಹೋಯಿತು.

ಆಮೇಲೆ ಭಾರತ ಸರ್ಕಾರ 'ಆಪರೇಷನ್ ಕಾವೇರಿ' ನಡೆಸಿತು. ನಮ್ಮ ಹೇಮಾವತಿ ಹೋಗಿ ಸೇರುವ ಅದೇ ಕಾವೇರಿಯ ಹೆಸರು. ಪೋರ್ಟ್ ಸುಡಾನಿನಿಂದ ನೌಕಾಪಡೆಯ ಹಡಗುಗಳಲ್ಲಿ, ವಾಯುಪಡೆಯ ವಿಮಾನಗಳಲ್ಲಿ ಜೆಡ್ಡಾಕ್ಕೆ, ಅಲ್ಲಿಂದ ಊರಿಗೆ. ಒಟ್ಟು 3,862 ಜನರನ್ನು ಕರೆತಂದರು. ಅದನ್ನು ನೆನೆದರೆ ನನಗೆ ಈಗಲೂ ಹೆಮ್ಮೆಯಾಗುತ್ತದೆ.

ಈ ವರ್ಷ ಹಾಸನಾಂಬ ಜಾತ್ರೆ ಮುಗಿದ ಬೆನ್ನಿಗೇ ಅದೇ ಎಲ್ ಫಾಶರ್ ಹೆಸರು ಮತ್ತೆ ಸುದ್ದಿಯಲ್ಲಿ ಬಂತು. ಅಕ್ಟೋಬರ್ 26ರಂದು ಆರ್‌ಎಸ್‌ಎಫ್ ಅನ್ನುವ ಅರೆಸೇನೆ ಆ ಊರನ್ನು ಹಿಡಿಯಿತು. ಮನೆಮನೆಗೆ ನುಗ್ಗಿ ಜನರನ್ನು ಕೊಂದರು. ಅಲ್ಲಿದ್ದ ಹೆರಿಗೆ ಆಸ್ಪತ್ರೆಯೊಂದರಲ್ಲೇ ರೋಗಿಗಳು, ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಮಂದಿಯನ್ನು ಕೊಂದರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಮಾರನೆಯ ದಿನ ಆ ಅಂಗಡಿಹಳ್ಳಿಯ ಹುಡುಗಿ ಕ್ಯಾಂಟೀನಿನಲ್ಲಿ ಕೇಳಿದಳು: "ನಮ್ಮವರನ್ನು ಕರ್ಕೊಂಡು ಬಂದ್ರು. ಅವರಿಗೆ ಬಾಡಿಗೆಗೆ ಮನೆ ಕೊಟ್ಟವರು, ಪಕ್ಕದ ಮನೆಯವರು, ಅವರೆಲ್ಲ ಏನಾದ್ರು?"

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆವತ್ತಿನಿಂದ ನಾವು ಹುಡುಕಿ ಓದಲು ಶುರು ಮಾಡಿದೆವು. ಶನಿವಾರ ತರಗತಿ ಮುಗಿದ ಮೇಲೆ ಲೈಬ್ರರಿಯ ಮೂಲೆಯಲ್ಲಿ ಸೇರುತ್ತೇವೆ. ಎನ್‌ಎಸ್‌ಎಸ್ ಹುಡುಗರು, ಯುವ ರೆಡ್‌ಕ್ರಾಸ್ ಘಟಕದವರು, ಎನ್‌ಸಿಸಿಯ ಕೆಲವರು, ಸುಮ್ನೆ ಕುತೂಹಲಕ್ಕೆ ಬಂದು ಕೂತವರು. ಒಬ್ಬರು ಓದಿಕೊಂಡು ಬಂದು ಹೇಳುವುದು, ಉಳಿದವರು ಕೇಳುವುದು.

ಯುದ್ಧ ಯಾರ ನಡುವೆ ಅಂತ ಹೇಳಿಬಿಡುತ್ತೇನೆ. ಒಂದು ಕಡೆ ಜನರಲ್ ಬುರ್ಹಾನ್, ಸುಡಾನ್ ಸೇನೆಯ ಮುಖ್ಯಸ್ಥ. ಇನ್ನೊಂದು ಕಡೆ ಹೆಮೆದ್ತಿ ಎಂದು ಕರೆಯುವ ಡಗಾಲೊ, ಆರ್‌ಎಸ್‌ಎಫ್‌ನ ನಾಯಕ. ಇಬ್ಬರೂ ಸೇರಿಕೊಂಡೇ 2021ರ ಅಕ್ಟೋಬರಿನಲ್ಲಿ ಸರ್ಕಾರವನ್ನು ಕಿತ್ತು ಹಾಕಿದ್ದರು. ಆಮೇಲೆ ಯಾರು ದೊಡ್ಡವರು ಅನ್ನುವ ಜಗಳಕ್ಕೆ ದೇಶವನ್ನೇ ಸುಟ್ಟರು. ಯುದ್ಧಕ್ಕೆ ದುಡ್ಡು ಹೆಚ್ಚಾಗಿ ಅಲ್ಲಿನ ಚಿನ್ನದ ಗಣಿಗಳಿಂದ ಬರುತ್ತದೆ. ಆ ಚಿನ್ನದಲ್ಲಿ ಬಹುಪಾಲು ದುಬೈ ದಾರಿ ಹಿಡಿಯುತ್ತದೆ. ಆರ್‌ಎಸ್‌ಎಫ್‌ಗೆ ಯುಎಇ ಆಯುಧ ಕೊಡುತ್ತಿದೆ ಅನ್ನುವ ಆರೋಪ ಇದೆ, ಯುಎಇ ಅದನ್ನು ಒಪ್ಪುವುದಿಲ್ಲ. ಎರಡೂ ಕಡೆಯವರು ಯುದ್ಧಾಪರಾಧ ಮಾಡಿದ್ದಾರೆ ಎಂದು ವಿಶ್ವಸಂಸ್ಥೆಯ ತನಿಖಾ ತಂಡ ಹೇಳಿದೆ. ಹಾಗಾಗಿ ನಮ್ಮ ಗುಂಪಿನಲ್ಲಿ ಯಾರ ಪರ ಅಂತ ವಾದ ಮಾಡುವುದಿಲ್ಲ. ಜನರಲ್‌ಗಳ ಕಥೆಗಿಂತ ನನಗೆ ಆ ದೇಶದ ನಮ್ಮ ವಯಸ್ಸಿನವರ ಕಥೆ ಮುಖ್ಯ ಅನ್ನಿಸುತ್ತದೆ. ಈ ಪತ್ರ ಬರೆಯುತ್ತಿರುವುದೂ ಅದಕ್ಕೇ.

ನೋಡು, 1964ರಲ್ಲಿ ಮಿಲಿಟರಿ ಆಡಳಿತದ ವಿರುದ್ಧ ಎದ್ದ ದಂಗೆಗೆ ಕಿಡಿ ಹೊತ್ತಿದ್ದು ಸುಡಾನಿನ ರಾಜಧಾನಿಯ ಖಾರ್ಟೂಮ್ ವಿಶ್ವವಿದ್ಯಾಲಯದಲ್ಲಿ. 2018ರ ಕೊನೆಯಲ್ಲಿ ಬ್ರೆಡ್ಡಿನ ಬೆಲೆ ಏರಿದಾಗ ಮತ್ತೆ ವಿದ್ಯಾರ್ಥಿಗಳು, ಹೆಣ್ಣುಮಕ್ಕಳು, ಡಾಕ್ಟರುಗಳು ಬೀದಿಗೆ ಬಂದರು. ಮೂವತ್ತು ವರ್ಷ ಆಳಿದ ಒಮರ್ ಅಲ್ ಬಷೀರ್ 2019ರ ಏಪ್ರಿಲಿನಲ್ಲಿ ಇಳಿಯಬೇಕಾಯಿತು. ಆ ಚಳವಳಿ ಕಾಲದಲ್ಲಿ ಬೀದಿಬೀದಿಯಲ್ಲಿ ಯುವಕರ ಸಮಿತಿಗಳು ಹುಟ್ಟಿಕೊಂಡಿದ್ದವು. ಯುದ್ಧ ಶುರುವಾದಾಗ ದೊಡ್ಡ ದೊಡ್ಡ ಸಂಸ್ಥೆಗಳು ಖಾರ್ಟೂಮ್ ಬಿಟ್ಟು ಹೊರಟವು. ಈ ಸಮಿತಿಗಳ ಹುಡುಗ ಹುಡುಗಿಯರು ಅಲ್ಲೇ ಉಳಿದರು. 'ತುರ್ತು ಸ್ಪಂದನಾ ಕೊಠಡಿ' ಅಂತ ಹೆಸರಿಟ್ಟುಕೊಂಡು ಕೆಲಸಕ್ಕೆ ಇಳಿದರು. ಗಾಯಾಳುಗಳನ್ನು ಸಾಗಿಸಿದರು, ಔಷಧಿ ಹುಡುಕಿ ತಂದರು, ಕೆಟ್ಟ ಬೋರ್‌ವೆಲ್ ರಿಪೇರಿ ಮಾಡಿಸಿದರು. ಎಲ್ಲಕ್ಕಿಂತ ಹೆಚ್ಚಾಗಿ ಒಲೆ ಹೂಡಿದರು. ಓಣಿಗೊಂದು ಅಡುಗೆಮನೆ. ಮಸೀದಿಯ ಅಂಗಳದಲ್ಲಿ, ಶಾಲೆಯ ಜಗಲಿಯಲ್ಲಿ ದೊಡ್ಡ ಹಂಡೆ ಇಟ್ಟು ಬೇಳೆ, ಅವರೆಯಂಥ ಕಾಳು, ಜೋಳ ಬೇಯಿಸಿ ಹಂಚಿದರು. ಅವರ ಊಟದಲ್ಲಿ 'ಅಸೀದಾ' ಅಂತ ಒಂದಿದೆ. ಜೋಳದ ಹಿಟ್ಟನ್ನು ತಿರುವಿ ಉಂಡೆ ಮಾಡಿ ಸಾರಿನ ಜೊತೆ ಉಣ್ಣುತ್ತಾರೆ, ನಮ್ಮ ರಾಗಿ ಮುದ್ದೆ ಥರಾನೇ.

ಇದಕ್ಕೆ ದುಡ್ಡು ಬಂದಿದ್ದು ಹೇಗೆ ಗೊತ್ತಾ? ಹೊರದೇಶದಲ್ಲಿ ದುಡಿಯುವ ಸುಡಾನಿಗಳು ಮೊಬೈಲ್ ಬ್ಯಾಂಕಿಂಗ್ ಆಪ್‌ನಲ್ಲಿ ನೂರು ಇನ್ನೂರು ಅಂತ ಹಾಕುತ್ತಾ ಬಂದರು. ಬೇರೆ ದೇಶಗಳ ನೆರವೂ ಬಂತು. 2025ರ ಶುರುವಿನಲ್ಲಿ ಅಮೆರಿಕ ತನ್ನ ನೆರವನ್ನು ತಡೆದಾಗ ನೂರಾರು ಅಡುಗೆಮನೆಗಳು ಮುಚ್ಚಿದವು. ಈ ಸ್ವಯಂಸೇವಕರನ್ನು ಎರಡೂ ಕಡೆಯ ಸೈನಿಕರು ಹಿಡಿದು ಹಿಂಸಿಸಿದ್ದಾರೆ, ಕೊಂದೂ ಇದ್ದಾರೆ. ಆದರೂ ಅವರು ಬಿಟ್ಟಿಲ್ಲ. ಈ ವರ್ಷ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಿದೆ. ಪ್ರಶಸ್ತಿಗಿಂತ ಅವರಿಗೆ ಬೇಕಾಗಿರುವುದು ಜೋಳ, ಎಣ್ಣೆ, ಸೌದೆ. ಇದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ ಗೆಳೆಯಾ. ಇವರೆಲ್ಲ ನಮ್ಮ ಹಾಗೇ ಅಸೈನ್‌ಮೆಂಟ್ ಬರೆದುಕೊಂಡು, ಪರೀಕ್ಷೆಗೆ ಹೆದರಿಕೊಂಡು ಇದ್ದವರು.

ಎಲ್ ಫಾಶರ್ ಕಥೆ ಇನ್ನೂ ಘೋರ. 2024ರ ಮೇ ತಿಂಗಳಿಂದ ಸುಮಾರು ಒಂದೂವರೆ ವರ್ಷ ಆರ್‌ಎಸ್‌ಎಫ್‌ನವರು ಅದನ್ನು ಮುತ್ತಿಗೆ ಹಾಕಿ ಇಟ್ಟರು. ಕೊನೆಕೊನೆಗೆ ಊರಿನ ಸುತ್ತ ಮಣ್ಣಿನ ಏರಿಯನ್ನೇ ಎಬ್ಬಿಸಿದರು, ಯಾರೂ ಒಳಗೆ ಬರಬಾರದು, ಹೊರಗೆ ಹೋಗಬಾರದು ಅಂತ. ಮುತ್ತಿಗೆ ತೆಗೆಯಿರಿ ಎಂದು 2024ರ ಜೂನಿನಲ್ಲೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಿರ್ಣಯ ಮಾಡಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕದ ಝಮ್‌ಝಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮ ಇದೆ ಎಂದು ಅದೇ ಆಗಸ್ಟಿನಲ್ಲಿ ತಜ್ಞರು ಘೋಷಿಸಿದರು. ಊರೊಳಗೆ ಧಾನ್ಯ ಮುಗಿಯಿತು. ಜನ 'ಅಂಬಾಜ್' ತಿಂದು ಜೀವ ಹಿಡಿದುಕೊಂಡರು. ಅಂಬಾಜ್ ಅಂದರೆ ಕಡಲೆಕಾಯಿ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ.

ಇದನ್ನು ಹೇಳಿದಾಗ ಚನ್ನರಾಯಪಟ್ಟಣದ ಕಡೆಯ ಹುಡುಗನೊಬ್ಬ ಎದ್ದುಹೋದ. ಮುಂದಿನ ಶನಿವಾರ ಮನೆಯಿಂದ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಿಂಡಿ ತಂದ. ನಾವು ಕಾಲೇಜಿನ ಮೆಟ್ಟಿಲ ಹತ್ತಿರ ಒಂದು ಮೇಜು ಹಾಕಿದ್ದೆವು. ಪೋಸ್ಟರುಗಳ ಮುಂದೆ ಒಂದು ಸ್ಟೀಲ್ ತಟ್ಟೆಯಲ್ಲಿ ಅದನ್ನು ಸುರಿದು ಇಟ್ಟ. ಕಂದು ಬಣ್ಣದ ಗಟ್ಟಿ ಚೂರುಗಳು, ಮೇಲೆ ನಾರು ನಾರು, ಎಣ್ಣೆಯ ಕಮಟು ವಾಸನೆ. ಪೋಸ್ಟರ್ ನೋಡದೆ ಹೋಗುತ್ತಿದ್ದವರು ತಟ್ಟೆ ನೋಡಿ ನಿಂತರು. ಹಳ್ಳಿ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಇದು ಹಸುಗೆ ಹಾಕೋದು ಅಲ್ವಾ?" ಅಂದ ಒಬ್ಬ. "ಎಲ್ ಫಾಶರ್‌ನಲ್ಲಿ ಇದೇ ಊಟ. ಕೊನೆಗೆ ಇದೂ ಸಿಗಲಿಲ್ಲ" ಅಂದ ಇವನು. ಒಂದು ಹುಡುಗಿ ಚೂರನ್ನು ಕೈಗೆ ತೆಗೆದುಕೊಂಡು ಮುರಿಯಲು ನೋಡಿದಳು. ಮುರಿಯಲಿಲ್ಲ. "ಮಕ್ಕಳು ಹೇಗೆ ತಿಂದ್ವು?" ಅಂದಳು. ನೀರಿನಲ್ಲಿ ನೆನೆಸಿ, ಬೇಯಿಸಿ ಕೊಡುತ್ತಿದ್ದರಂತೆ ಅಂತ ಹೇಳಿದೆವು. ಆಮೇಲೆ ಅವಳೇ ನಮ್ಮ ಜೊತೆ ಮೇಜಿನ ಹಿಂದೆ ನಿಂತು ಬಂದವರಿಗೆಲ್ಲ ವಿವರಿಸಿದಳು.

ಎಲ್ಲರೂ ಮೆಚ್ಚಿಕೊಂಡರು ಅಂತ ತಿಳಿಯಬೇಡ. "ಮನೆಗೆ ಮಾರಿ, ಊರಿಗೆ ಉಪಕಾರಿ" ಅಂತ ಮುಖಕ್ಕೇ ಹೇಳಿದವರು ಇದ್ದಾರೆ. ನಮ್ಮ ದೇಶದಲ್ಲಿ ಹಸಿದವರಿಲ್ವಾ ಅಂದರು. ಇದ್ದಾರೆ. ಈ ಮೇಜಿನ ಹಿಂದೆ ನಿಂತವರೇ ರಕ್ತದಾನ ಶಿಬಿರಕ್ಕೂ ಓಡುವವರು, ಮಳೆಗಾಲದಲ್ಲಿ ಸಕಲೇಶಪುರದ ಕಡೆ ಗುಡ್ಡ ಕುಸಿದಾಗ ಅಕ್ಕಿ ಬೇಳೆ ಹೊತ್ತವರು. ಕೈ ನೀಡುವ ಅಭ್ಯಾಸ ಇದ್ದವರಿಗೆ ಇನ್ನೊಂದು ಕಡೆ ನೀಡುವುದು ಕಷ್ಟವಾಗುವುದಿಲ್ಲ, ಇದು ನಾನು ಕಣ್ಣಾರೆ ಕಂಡಿದ್ದು. ಎನ್‌ಸಿಸಿಯ ಹುಡುಗ ಇನ್ನೊಂದು ಸಂಗತಿ ಹೇಳಿದ. ಪುಣೆ ಹತ್ತಿರ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮುಖ್ಯ ಕಟ್ಟಡದ ಹೆಸರು 'ಸುಡಾನ್ ಬ್ಲಾಕ್'. ಎರಡನೇ ಮಹಾಯುದ್ಧದಲ್ಲಿ ಸುಡಾನನ್ನು ಕಾಯಲು ಹೋರಾಡಿ ಸತ್ತ ಭಾರತೀಯ ಸೈನಿಕರ ನೆನಪಿಗೆ ಅಲ್ಲಿಂದ ಬಂದ 1 ಲಕ್ಷ ಪೌಂಡ್ ಕಾಣಿಕೆಯಲ್ಲಿ, ದೇಶ ವಿಭಜನೆಯಾದ ಮೇಲೆ ಭಾರತದ ಪಾಲಿಗೆ ಬಂದ 70 ಸಾವಿರ ಪೌಂಡ್ ಅದಕ್ಕೆ ಬಳಕೆಯಾಯಿತು. ಸುಡಾನಿನ ಮೊದಲ ಚುನಾವಣೆ ನಡೆಸಿಕೊಡಲು 1953ರಲ್ಲಿ ಹೋದವರು ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಕೊಟ್ಟು ತೆಗೆದುಕೊಂಡ ಸಂಬಂಧ ಇದು.

ದುಡ್ಡಿನ ವಿಷಯದಲ್ಲಿ ಮೊದಲೇ ಒಂದು ನಿಯಮ ಮಾಡಿಕೊಂಡೆವು. ಯಾರೂ ತಮ್ಮ ಖಾತೆಗೆ ಹಾಕಿಸಿಕೊಂಡು ಗುಡ್ಡೆ ಮಾಡುವಂತಿಲ್ಲ. ವಿದೇಶಕ್ಕೆ ಹಣ ಕಳಿಸುವುದಕ್ಕೆ ಕಾನೂನು ಇದೆ, ನಂಬಿಕೆಯ ಪ್ರಶ್ನೆಯೂ ಇದೆ. ಕೊಡುವವರು ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದಂಥ ಕಡೆಗೆ ತಾವೇ ನೇರವಾಗಿ ಕೊಡಬೇಕು. ಅದಕ್ಕೆ 2020ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಿತ್ತು, ನೆನಪಿದೆಯಾ? ನಾವು ದಾರಿ ತೋರಿಸುತ್ತೇವೆ, ಅಷ್ಟೇ. ಸುಡಾನಿಗೆ ಈ ವರ್ಷ 420 ಕೋಟಿ ಡಾಲರ್ ಬೇಕು ಅಂತ ವಿಶ್ವಸಂಸ್ಥೆ ಕೇಳಿತ್ತು. ಅರ್ಧವೂ ಕೂಡಿಬಂದಿಲ್ಲ. ನೆರವು ಬೇಕಾದವರು 3 ಕೋಟಿಗೂ ಹೆಚ್ಚು, ದೇಶದ ಅರ್ಧಕ್ಕಿಂತ ಜಾಸ್ತಿ ಜನ. ನಮ್ಮ ಕಾಲೇಜಿನ ಚಹಾ ದುಡ್ಡು ಇದರಲ್ಲಿ ಎಲ್ಲಿಯೂ ಕಾಣುವುದಿಲ್ಲ, ನನಗೆ ಗೊತ್ತು. ಆದರೆ ಆ ಅಡುಗೆಮನೆಗಳೂ ಇಂಥ ಚಿಲ್ಲರೆಯಲ್ಲೇ ನಡೆದು ಬಂದವು.

ದುಡ್ಡಿಗಿಂತ ಹೆಚ್ಚಾಗಿ ನಾವು ಪತ್ರಗಳ ಮೇಲೆ ಭರವಸೆ ಇಟ್ಟಿದ್ದೇವೆ. ಸಂಸದರಿಗೆ, ವಿದೇಶಾಂಗ ಸಚಿವಾಲಯಕ್ಕೆ ಬರೆಯುತ್ತಿದ್ದೇವೆ. ಆಯುಧ ಸರಬರಾಜು ನಿಲ್ಲಿಸಲು, ಆಹಾರದ ಲಾರಿಗಳಿಗೆ ದಾರಿ ಬಿಡಿಸಲು ಭಾರತ ಜೋರಾಗಿ ದನಿ ಎತ್ತಬೇಕು. ಇಲ್ಲಿ ಓದುತ್ತಿರುವ ಸುಡಾನ್ ವಿದ್ಯಾರ್ಥಿಗಳ ವೀಸಾ ಅವಧಿಯನ್ನು ತಕರಾರಿಲ್ಲದೆ ವಿಸ್ತರಿಸಬೇಕು. ಅವರಿಗೆ ವಿದ್ಯಾರ್ಥಿವೇತನ ಹೆಚ್ಚಿಸಬೇಕು. ಊರಿನಲ್ಲಿ ಅವರ ಅಪ್ಪ ಅಮ್ಮಂದಿರ ಸಂಬಳ ನಿಂತಿದೆ, ಬ್ಯಾಂಕುಗಳು ಲೂಟಿಯಾಗಿವೆ. ಫೀಸು ಎಲ್ಲಿಂದ ತರುತ್ತಾರೆ ಹೇಳು? ಪತ್ರಗಳನ್ನು ಕನ್ನಡದಲ್ಲೇ ಬರೆಯುತ್ತಿದ್ದೇವೆ, ಸಹಿ ಹಾಕುವವರಿಗೆ ತಾವು ಏನು ಕೇಳುತ್ತಿದ್ದೇವೆ ಅಂತ ಪೂರ್ತಿ ಅರ್ಥವಾಗಬೇಕು ಅನ್ನುವ ಕಾರಣಕ್ಕೆ.

ಈಗ ನಿನ್ನಿಂದ ಆಗಬೇಕಾದ ಕೆಲಸ. ಮೈಸೂರಿನಲ್ಲಿ ಸುಡಾನಿನ ವಿದ್ಯಾರ್ಥಿಗಳು ಓದುತ್ತಾರೆ. ನಿನ್ನ ಪರಿಚಯದವರಲ್ಲಿ ಯಾರಾದರೂ ಇದ್ದರೆ ಹೋಗಿ ಮಾತಾಡಿಸು. ಮೊದಲು ಮನೆಯವರು ಹೇಗಿದ್ದಾರೆ ಅಂತ ವಿಚಾರಿಸು, ನಮ್ಮ ಕಾರ್ಯಕ್ರಮದ ಮಾತು ಆಮೇಲೆ. ಹಾಸನಕ್ಕೆ ಬಂದು ನಮ್ಮ ಜೊತೆ ಒಂದು ಮಧ್ಯಾಹ್ನ ಕೂರಲು ಇಷ್ಟ ಇದೆಯಾ ಕೇಳು. ವೇದಿಕೆ, ಹಾರ, ಶಾಲು ಏನೂ ಇರುವುದಿಲ್ಲ. ಯುದ್ಧದ ಬಗ್ಗೆ ಮಾತಾಡಲು ಮನಸ್ಸಿಲ್ಲದಿದ್ದರೆ ಊರಿನ ಬಗ್ಗೆ, ಓದಿನ ಬಗ್ಗೆ, ಫುಟ್‌ಬಾಲ್ ಬಗ್ಗೆ ಮಾತಾಡಲಿ. ಫೋಟೊ ಬೇಡ ಅಂದರೆ ತೆಗೆಯುವುದಿಲ್ಲ. ಅವರು ಬರುವುದಿಲ್ಲ ಅಂದರೆ ಒತ್ತಾಯ ಮಾಡಬೇಡ.

ಬರುವುದಾದರೆ ಜನವರಿಯ ಎರಡನೇ ಶನಿವಾರ ಬಿಟ್ಟು ಬೇರೆ ಯಾವ ಶನಿವಾರವಾದರೂ ಸರಿ, ಆವತ್ತು ಇಂಟರ್ನಲ್ಸ್ ಇದೆ. ಬೆಳಗಿನ ಬಸ್ಸಿಗೆ ಹೊರಟರೆ ಊಟದ ಹೊತ್ತಿಗೆ ಇಲ್ಲಿರುತ್ತೀರಿ. ಊಟ ನಮ್ಮ ಮನೆಯಲ್ಲಿ, ಅಮ್ಮನಿಗೆ ಹೇಳಿದ್ದೇನೆ. ಎಷ್ಟು ಜನ ಅಂತ ಎರಡು ದಿನ ಮೊದಲು ತಿಳಿಸು. ನೀನೂ ಜೊತೆಗೆ ಬಾ.

ನಿನ್ನ ಉತ್ತರಕ್ಕೆ ಕಾಯುತ್ತಿರುವ,
ನಿನ್ನ ಗೆಳೆಯ