ಪಾಚಿ ಬಾಟ್ಲಿ

ಪುಟ್ಟಿ,

ಭಾನುವಾರದ ಜಗಳ ಬಿಡು, ಅದನ್ನ ಮತ್ತೆ ಕೆದಕಲ್ಲ. "ಪಾಚಿ ನೋಡೋಕೆ ಅಂಟಾರ್ಕ್ಟಿಕಾಗೆ ಹೋಗ್ಬೇಕಾ" ಅಂದಿದ್ದು ಮಾತ್ರ ನಂದೇ ತಪ್ಪು ಕಣೆ.

ಆ ಹಾರ್ಲಿಕ್ಸ್ ಬಾಟ್ಲಿ ತಲೆಯಿಂದ ಹೋಗ್ತಾನೇ ಇಲ್ಲ. ಐದನೇ ಕ್ಲಾಸಲ್ಲಿ ನೀನು ಬಟ್ಟೆ ಒಗೆಯೋ ಕಲ್ಲಿಂದ ಪಾಚಿ ಕೆರೆದು ತುಂಬಿಟ್ಟಿದ್ದೆ, ಬೇಸಿಗೆಲಿ ಒಣಗಿ ಕರ್ರಗೆ ಸೀದ ಹಪ್ಪಳದ ಚೂರಿನ ಥರ ಆಯ್ತು, ಸತ್ತೋಯ್ತು ಅಂತ ನಾನು ತಿಪ್ಪೆಗೆ ಎಸೆದು ಬಾಟ್ಲಿ ತೊಳೆದು ಸಾಸಿವೆ ತುಂಬ್ದೆ. ನೀನು ಅಳಲಿಲ್ಲ. ಸಾಸಿವೆನೇ ನೋಡ್ತಾ ನಿಂತಿದ್ದೆ.

ನೀನು ಕಳ್ಸಿದ ಪಿಡಿಎಫ್ ಕನ್ನಡಕ ಹಾಕ್ಕೊಂಡು ಎರಡು ದಿನ ಓದ್ದೆ. ಅಂಟಾರ್ಕ್ಟಿಕಾದ ಡ್ರೈ ವ್ಯಾಲಿ ಅನ್ನೋ ಒಣ ಕಣಿವೆಲಿ ಸುಮಾರು 20 ವರ್ಷ ನೀರೇ ಕಾಣದ ತೊರೆಗೆ ನೀರು ತಿರುಗಿಸಿದ್ರೆ, ಒಣಗಿ ಕೂತಿದ್ದ ಪಾಚಿಹಾಸು ಒಂದು ವಾರದೊಳಗೆ ಚಿಗುರ್ಕೊಳ್ತಂತಲ್ಲ. 20 ವರ್ಷ! ನಾನು ಒಂದು ಬೇಸಿಗೆ ಕಾಯಲಿಲ್ಲ, ಒಂದು ಲೋಟ ನೀರು ಹಾಕಿ ನೋಡಬಹುದಿತ್ತು, ಹಾಕಲಿಲ್ಲ. ನಮ್ಮ ಕಲ್ಲಿನ ಪಾಚಿ ಬೇರೆ ಜಾತಿ ಇರಬಹುದು, ಬದುಕ್ತಿತ್ತೋ ಇಲ್ವೋ, ಆದ್ರೂ ಒಂದು ಲೋಟ ನೀರು ತಾನೆ.

ಇನ್ನು ಅಲ್ಲಿನ ಕೆರೆಗಳ ಐಸ್ ವಿಷಯ. ನೀರು 4 ಡಿಗ್ರಿಲಿ ಎಲ್ಲಕ್ಕಿಂತ ಭಾರ, ಅದಕ್ಕೇ ಮೇಲೆ ಹೆಪ್ಪುಗಟ್ಟಿದ್ರೂ ಅಡಿಲಿ ನೀರು ನೀರಾಗೇ ಇರುತ್ತೆ, ಅಲ್ಲೇ ಪಾಚಿ ಇರುತ್ತೆ ಅಂತ ನೀನಂದೆ, ಸರಿ. ಬೇಸಿಗೆಲಿ ದಡದ ಐಸ್ ಮೊದಲು ಕರಗುತ್ತೆ ಅಂತಾನೂ ನೀನೇ ಹೇಳಿದ್ದು, ನೀನು ಸ್ಯಾಂಪಲ್ ತೆಗೆಯೋದೂ ದಡದಲ್ಲೇ ಅಲ್ವಾ? ಒಬ್ಳೇ ಇಳಿಬೇಡ. ಹಗ್ಗ ಕಟ್ಕೊ, ಮೀಟಿಂಗಲ್ಲಿ ಹೇಳಿದ್ದನ್ನ ಕಿವಿ ಕೊಟ್ಟು ಕೇಳು. ಅಲ್ಲಿರೋ ನಮ್ಮ ದೇಶದ ಮೈತ್ರಿ ಕೇಂದ್ರದ ಮುಂದಿನ ಪ್ರಿಯದರ್ಶಿನಿ ಕೆರೆನೇ ಎಲ್ರಿಗೂ ಕುಡಿಯೋ ನೀರು, ಸೋಪಿನ ಕೈ ಅದ್ದಬೇಡ. ಇದನ್ನೂ ನಿಂಗೆ ಹೇಳ್ಬೇಕಾ, ಹೇಳಿಬಿಟ್ಟೆ ನೋಡು.

ಪಕ್ಕದ ಮನೆಯವ್ರು "ಮೀನೇ ಇಲ್ಲದ ಕೆರೆಲಿ ಏನು ನೋಡ್ತಾಳೆ" ಅಂದ್ರು. 1983ರಲ್ಲಿ ತಂದು ಫ್ರೀಜರಲ್ಲಿಟ್ಟ ಅಲ್ಲಿನ ಹಾವಸೆಲಿದ್ದ ನೀರು ಕರಡಿ ಅನ್ನೋ ಹುಳ 30 ವರ್ಷ ಆದ್ಮೇಲೆ ಎದ್ದು ಮೊಟ್ಟೆ ಇಡ್ತು ಅಂತ ಹೇಳಿದೆ, ಅವರು ಕಾಫಿ ಕುಡಿಯೋದೇ ಮರೆತ್ರು. ನಿಮ್ಮಪ್ಪ ಹೊರಗೆ ಕೂತು ಕೇಳಿಸ್ಕೊಂಡು ನಗ್ತಿದ್ರು, ಇನ್ನೂ ಮಾತಾಡ್ಸಲ್ಲ ಅಂತ ಕೂತಿದಾರೆ, ನೀನೇ ಫೋನ್ ಮಾಡು.

ಆ ಬಾಟ್ಲಿ ನಿನ್ನ ಬ್ಯಾಗಲ್ಲಿಡೋಣ ಅಂತಿದ್ದೆ, ಬೀಜ ಗೀಜ ಅಲ್ಲಿಗೆ ಹೋಗಬಾರದಂತಲ್ಲ, ಒಂದು ಸಾಸಿವೆ ಕಾಳು ಉಳಿದಿದ್ರೂ ಕಷ್ಟ ಅಂತ ಬಿಟ್ಟೆ. ನಿನ್ನ ಉಲ್ಲನ್ ಸಾಕ್ಸಲ್ಲಿ ಮೂರು ಉತ್ತರಣೆ ಬೀಜ ಕಚ್ಕೊಂಡಿತ್ತು, ಕಿತ್ತಿದೀನಿ. ಇನ್ನೊಂದ್ಸಲ ಬಿಸಿಲಿಗೆ ಹಿಡಿದು ನೀನೂ ನೋಡ್ಕೊ.

ಅಮ್ಮ