ರೌಟರ್ ಪೆಟ್ಟಿಗೆಯ ಮೇಲೆ ಪೋರ್ಟಿನ ವೇಗವೂ ಇರಲಿ

ಮಾನ್ಯರೇ,

ಫೈಬರ್ ಸಂಪರ್ಕ ಪಡೆದ ಮನೆಗಳಿಗೆ ಆಂಟೆನಾಗಳ ಸಂಖ್ಯೆ ತೋರಿಸಿ ವೈಫೈ ರೌಟರ್ ಮಾರಲಾಗುತ್ತಿರುವುದು ಬೇಸರದ ಸಂಗತಿ. ಆಂಟೆನಾಗಳಿಗಿಂತ ಮುಖ್ಯವಾಗಿ ನೋಡಬೇಕಾದದ್ದು ಬ್ಯಾಂಡ್, ಅಂದರೆ ರೌಟರ್ ಬಳಸುವ ರೇಡಿಯೊ ತರಂಗಗಳ ಶ್ರೇಣಿ. 2.4 ಗಿಗಾಹರ್ಟ್ಸ್ ತರಂಗದಲ್ಲಿ ಇಂಟರ್ನೆಟ್ ವೇಗ ಕಡಿಮೆಯಾದರೂ ಅದು ದೂರ ತಲುಪುತ್ತದೆ. ವೇಗದ 5 ಗಿಗಾಹರ್ಟ್ಸ್ ತರಂಗ ಮಲೆನಾಡಿನ ದಪ್ಪನೆಯ ಜಂಬಿಟ್ಟಿಗೆ ಗೋಡೆಗಳನ್ನು ದಾಟುವಷ್ಟರಲ್ಲಿ ಕ್ಷೀಣಿಸುತ್ತದೆ. ಆದ್ದರಿಂದ ಎರಡೂ ಬ್ಯಾಂಡ್‌ಗಳಿರುವ ರೌಟರನ್ನೇ ಕೊಂಡು, ಟಿ.ವಿ. ಹಿಂದೆ ಅಡಗಿಸದೆ, ಮನೆಯ ನಡುವೆ ಎತ್ತರದಲ್ಲಿಡುವುದು ಒಳ್ಳೆಯದು.

ಇದಕ್ಕಿಂತ ಗಂಭೀರವಾದುದು ಪೋರ್ಟಿನ, ಅಂದರೆ ರೌಟರಿಗೆ ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಕಿಂಡಿಯ ವಿಷಯ. ತಿಂಗಳು ತಿಂಗಳೂ 300 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗದ ಯೋಜನೆಗೆ ಹಣ ಕಟ್ಟುವವರ ಮನೆಯಲ್ಲೂ, ರೌಟರಿನ ಇಂಟರ್ನೆಟ್ ಪೋರ್ಟ್ 100 ಎಂಬಿಪಿಎಸ್‌ನದಾಗಿದ್ದರೆ, ಅದಕ್ಕಿಂತ ಹೆಚ್ಚಿನ ವೇಗ ಒಳಗೆ ಬರುವುದೇ ಇಲ್ಲ. ಪೆಟ್ಟಿಗೆಯ ಮೇಲೆ ಎದ್ದು ಕಾಣುವ ‘1200’ ಎಂಬ ಅಂಕಿ ಎರಡೂ ಬ್ಯಾಂಡ್‌ಗಳ ಗರಿಷ್ಠ ವೇಗದ ಮೊತ್ತವಷ್ಟೇ. ಪೋರ್ಟಿನ ವೇಗವನ್ನೂ ಅಷ್ಟೇ ದೊಡ್ಡದಾಗಿ ಮುದ್ರಿಸುವುದನ್ನು ಕೇಂದ್ರ ಸರ್ಕಾರ ಕಡ್ಡಾಯಗೊಳಿಸಬೇಕು.

– ಓದುಗ, ತೀರ್ಥಹಳ್ಳಿ